ಆರನೇ ಜೊತೆ

ಕತ್ತರಿಯ ತುದಿಯನ್ನು ಉಣ್ಣೆಯೊಳಗೆ ತೂರಿಸಿದ ದೈನಾ ಅಲ್ಲೇ ತಡೆದಳು.

"ಯೋಚ್ನೆ ಮಾಡ್ತಾ ಕೂತ್ರೆ ಆಗಲ್ಲ ಕಣೆ, ಪಾದ್ರಿಗಳು ಬರೋ ಹೊತ್ತಾಯ್ತು," ಎಂದ ಸೋದರಮಾವ ವಿಲ್ನಿಸ್. "ಕತ್ತರ್ಸಿ ಒಂದು ಹೆಬ್ಬೆರಳು ಹೆಣೆದು ಸೇರ್ಸು."

"ಬಾಯಲ್ಲಿ ಹೆಣೆಯೋದು ಸುಲಭ ಮಾವ."

ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್‌ನ ಲಾಟ್ವಿಯನ್ ಚರ್ಚಿನ ಪಕ್ಕದ ಕೋಣೆಯಲ್ಲಿ, ಮೇಜಿನ ಮೇಲೆ ಆರು ಜೊತೆ ಕೈಗವಸುಗಳಿದ್ದವು. ಶವಪೆಟ್ಟಿಗೆ ಹೊರುವ ಆರು ಮಂದಿಗೆ ಸತ್ತವರೇ ಹೆಣೆದಿಟ್ಟ ಕೈಗವಸು ಕೊಡಬೇಕು. ಮಿಲ್ದಾ ಅಜ್ಜಿ ಊರು ಬಿಟ್ಟು ಹಡಗು ಹತ್ತಿದಾಗ ಜೊತೆಗೇ ತಂದ ಪದ್ಧತಿ ಅದು. ಎಂಬತ್ತೊಂಬತ್ತರ ವಯಸ್ಸಿನಲ್ಲಿ ಅವಳು ಹೆಣೆದಿಟ್ಟು ಹೋದದ್ದು, ಒಂದು ಜೊತೆಯ ಅಳತೆ ಇನ್ನೊಂದಕ್ಕಿಲ್ಲ. ಯಾರ ಅಳತೆಯನ್ನೂ ಅವಳು ಕೇಳಿರಲಿಲ್ಲ. ವಿಲ್ನಿಸನ ಅಗಲ ಅಂಗೈಗೆ ಒಂದು ಜೊತೆ ಹೇಳಿ ಮಾಡಿಸಿದ ಹಾಗೆ ಕೂತಾಗ ದೈನಾಳಿಗೆ ಮೈ ಜುಮ್ಮೆಂದಿತ್ತು.

ತಕರಾರೆಲ್ಲ ಆರನೆಯದರದು. ಬಲಗೈಯದಕ್ಕೆ ಹೆಬ್ಬೆರಳಿನ ಗೂಡೇ ಇಲ್ಲ.

"ಕೊನೆಗಾಲಕ್ಕೆ ಅಮ್ಮನಿಗೆ ಅರಳುಮರಳು. ನಾನ್ ಹೇಳಿದ್ರೆ ನೀನ್ ನಂಬ್ಲಿಲ್ಲ."

ಚುಚ್ಚಿದ್ದು ಆ ಮಾತೇ. ಅಜ್ಜಿಯ ತಪ್ಪು ನಾಲ್ಕು ಜನರ ಕಣ್ಣಿಗೆ ಬೀಳುವ ಮೊದಲು ತಾನೇ ಮುಚ್ಚಿಬಿಡೋಣವೆಂದು ದೈನಾ ಕತ್ತರಿ ಹಿಡಿದಿದ್ದಳು.

*

ಆಗ ಅವಳಿಗೆ ಎಂಟು ವರ್ಷ. ಒಂದೇ ಒಂದು ಕುಣಿಕೆ ತಪ್ಪಿದ್ದಕ್ಕೆ ಅಜ್ಜಿ ಹದಿನಾಲ್ಕು ಸಾಲು ಬಿಚ್ಚಿಸಿದ್ದಳು.

"ಯಾರಿಗ್ ಕಾಣತ್ತೆ ಅಜ್ಜಿ?"

"ಹಾಕ್ಕೊಂಡೋರ ಕೈಗೆ ಗೊತ್ತಾಗತ್ತೆ ಪುಟ್ಟಿ. ಹೆಣೆಯೋವಾಗ ಕಣ್ಮುಂದೆ ಅವ್ರ ಕೈ ಇರ್ಬೇಕು. ನೂಲಲ್ಲ."

ದೈನಾ ಅಳುತ್ತಲೇ ಬಿಚ್ಚಿದ್ದಳು.

*

ಬಾಗಿಲು ತೆರೆದು ಮುದುಕ ಯಾಜೆಪ್ಸ್ ಒಳಬಂದರು. ಕುರ್ಚಿ ಮೇಜಿನ ಕಾರ್ಖಾನೆಯಲ್ಲಿ ಅಜ್ಜಿಯ ಜೊತೆ ಮೂವತ್ತು ವರ್ಷ ದುಡಿದವರು. ಬೇಸಿಗೆಯ ಹಬ್ಬದಲ್ಲಿ ಅವಳು ಮಾಡಿದ ಚೀಸು ಕಲ್ಲಿನಂತಿದೆ, ಬಾಗಿಲಿಗೆ ಒತ್ತು ಕೊಡಬಹುದೆಂದು ಎಲ್ಲರೆದುರು ನಗೆಯಾಡಿ, ಒಂಬತ್ತು ವರ್ಷ ಅವಳು ಮಾತು ಬಿಡುವಂತೆ ಮಾಡಿಕೊಂಡವರೂ ಅವರೇ.

"ನಿಮ್ಮನ್ನ ಯಾರ್ ಕರೆದ್ರು?" ಎಂದ ವಿಲ್ನಿಸ್.

"ಯಾರೂ ಕರೀಲಿಲ್ಲಪ್ಪ. ಹಿಂದಿನ ಬೆಂಚಲ್ಲಿ ಕೂತು ಹೋಗ್ತೀನಿ."

ಯಾವಾಗಲೂ ಜೇಬಿನಲ್ಲೇ ಇರುತ್ತಿದ್ದ ಬಲಗೈ ಟೋಪಿ ತೆಗೆಯಲೆಂದು ಹೊರಬಂತು. ಕಾರ್ಖಾನೆಯ ಗರಗಸಕ್ಕೆ ಸಿಕ್ಕಿದ್ದ ಕೈ. ಹೆಬ್ಬೆರಳು ಬುಡದಿಂದಲೇ ಇರಲಿಲ್ಲ. ವಿಲ್ನಿಸನಿಗೆ ಗೊತ್ತಿದ್ದ ಸಂಗತಿಯೇ, ಹೊಳೆದಿರಲಿಲ್ಲ ಅಷ್ಟೆ.

ದೈನಾ ಕತ್ತರಿ ಕೆಳಗಿಟ್ಟಳು. ಹೆಬ್ಬೆರಳು ಇರಬೇಕಾದ ಜಾಗದಲ್ಲಿ ಎಂಟು ಮೂಲೆಯ ನಕ್ಷತ್ರದ ಚಿತ್ತಾರ ಎಲ್ಲೂ ಮುರಿಯದೆ ಮುಂದುವರಿದಿತ್ತು. ಇದನ್ನು ತಾನು ತಪ್ಪೆಂದುಕೊಂಡೆನಲ್ಲ ಎಂದುಕೊಳ್ಳುತ್ತ ಅವಳು ಆ ಜೊತೆಯನ್ನು ಎತ್ತಿ ಅವರತ್ತ ಚಾಚಿದಳು.

"ತಾತ, ಇದು ನಿಮ್ದು."

ಯಾಜೆಪ್ಸ್ ಕೈ ತೂರಿಸಿದರು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ. "ಮಿಲ್ದಾ..." ಎನ್ನುತ್ತ ನಕ್ಷತ್ರದ ಮೇಲೆ ಎಡಗೈ ಬೆರಳಾಡಿಸಿದರು.

ವಿಲ್ನಿಸ್ ಆ ಕೈಯನ್ನು ನೋಡಿದ. ಆಮೇಲೆ ಆರನೆಯವನಾಗಿ ಹೊರಲು ನಿಂತಿದ್ದ ತನ್ನ ಅಳಿಯನ ಹೆಗಲು ಮುಟ್ಟಿ, "ನೀನ್ ಈಚೆ ಬಾರಪ್ಪ," ಎಂದ.

ಹೊರಗೆ ಹಿಮ ಬೀಳುತ್ತಿತ್ತು. ಯಾಜೆಪ್ಸ್ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಹಿಡಿಕೆಯ ಮೇಲಿಟ್ಟು, ಪೆಟ್ಟಿಗೆಯ ಜೊತೆ ಹೆಜ್ಜೆ ಹಾಕಿದರು.