ಮೂರನೆಯ ಸಾಲಿನ ಪಾಳಿ

2024ರ ಏಪ್ರಿಲ್ 23, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸಸಿ ಪ್ರಯೋಗಾಲಯದ ಒಳಕೋಣೆಯಲ್ಲಿ ಪಾದರಸ 31.2 ಡಿಗ್ರಿಗೆ ಏರಿತ್ತು. ಗಾಜಿನ ಬಾಟಲಿಗಳಲ್ಲಿ ಬೆಳೆಯುತ್ತಿದ್ದ ಆರು ಸಾವಿರ ಬಾಳೆಸಸಿಗಳಿಗೆ ಇಪ್ಪತ್ತೇಳು ದಾಟಬಾರದು. ಮೂರನೆಯ ಸಾಲಿನಲ್ಲಿ ಕೆಲವುಗಳ ಎಲೆಯಂಚು ಆಗಲೇ ಕಂದಿತ್ತು.

"ಸಂಜಿ ತನಕ ನೋಡ್ತೇನಿ, ಸಂಪದಾ," ಎಂದರು ಮಾಲಕ ಬಾಳಕೃಷ್ಣ, ಬಾಗಿಲಲ್ಲೇ ನಿಂತು. "ಇಳೀಲಿಲ್ಲಂದ್ರ ಮೂರನೇ ಸಾಲಿನ ಬಾಟ್ಲಿ ಅಷ್ಟೂ ಕುಕ್ಕರಿಗೆ ಹಾಕಿ ಬೇಯಿಸಿ ಚೆಲ್ಲಿಬಿಡ್ರಿ. ಉಳದದ್ದರ ಉಳೀಲಿ. ಈ ಕಮರುದ್ದೀನ ಗ್ಯಾಸ್ ಅರ್ಧಾನ ತುಂಬ್ಯಾನ."

ಏಸಿಯ ಮುಚ್ಚಳ ಬಿಚ್ಚಿಕೊಂಡು ಏಣಿಯ ಮೇಲಿದ್ದ ಮೆಕ್ಯಾನಿಕ್ ಕಮರುದ್ದೀನ ತಿರುಗಿ ನೋಡಲಿಲ್ಲ. "ಗ್ಯಾಸ್ ಛಲೋ ಐತ್ರಿ ಸಾಹುಕಾರ. ನೂರು ಚದರ ಫೂಟಿಗೆ ಒಂದು ಟನ್. ನಿಮ್ಮ ಕೋಣಿ ನೂರಾ ನಲವತ್ತು, ನಾ ಕೊಟ್ಟದ್ದು ಒಂದೂವರಿ. ಇಪ್ಪತ್ತು ವರ್ಷ ಹಿಂಗ ಅಳದೇನಿ."

ಮಾಲಕರು ಹೋದ ಮೇಲೆ, ಪ್ರಯೋಗಾಲಯ ನೋಡಿಕೊಳ್ಳುವ ಸಂಪದಾ ಏಸಿಗೆ ಕೈಯೊಡ್ಡಿದಳು. ಗಾಳಿ ತಣ್ಣಗೇ ಇತ್ತು. ಆಮೇಲೆ ಅವಳ ಕಣ್ಣು ಟ್ಯೂಬ್‌ಲೈಟುಗಳ ಕಡೆ ಹೋಯಿತು. ಕಳೆದ ತಿಂಗಳು ಮೂರನೆಯ ಸಾಲು ಸೇರಿಸುವಾಗ ತಂತಿ ತಡೆಯುತ್ತದೆಯೇ, ಮೀಟರು ತಡೆಯುತ್ತದೆಯೇ ಎಂದು ಲೆಕ್ಕ ಹಾಕಿದವಳು ಅವಳೇ. ಅದೆಲ್ಲ ವ್ಯಾಟಿನಲ್ಲಿ. ಏಸಿ ಇದ್ದದ್ದು ಟನ್ನಿನಲ್ಲಿ. ಎರಡನ್ನೂ ಒಂದೇ ಹಾಳೆಗೆ ತಂದಿರಲಿಲ್ಲ.

"ಕಾಕಾ, ಒಂದು ಟನ್ ಏಸಿ ತಾಸಿಗೆ ಎಷ್ಟು ಶಾಖ ಹೊರಗ ಹಾಕತೈತಿ?"

"ಹನ್ನೆರಡು ಸಾವಿರ ಬಿಟಿಯು. ಟನ್ ಅಂದ್ರ ಮಂದಿ ಎಮ್ಮಿ ತೂಕ ಅಂತ ತಿಳ್ಕೊಂಡಾರ."

"ಅಂದ್ರ ನಮ್ಮದು ಹದಿನೆಂಟು ಸಾವಿರ." ಅವಳು ಲೇಬಲ್ಲಿನ ಹಿಂಬದಿಗೆ ಬರೆದಳು. ಚೋಕೂ ಸೇರಿ ಒಂದು ಟ್ಯೂಬಿಗೆ ನಲವತ್ತೈದು ವ್ಯಾಟ್, ನೂರಾ ನಲವತ್ತನಾಲ್ಕು ಟ್ಯೂಬ್, 6,480 ವ್ಯಾಟ್. ಉಂಡ ಕರೆಂಟೆಲ್ಲ ಕೊನೆಗೆ ಶಾಖವೇ. ಬೆಳಕು ಕೂಡ ಈ ಗೋಡೆ ದಾಟುವುದಿಲ್ಲ. ಒಂದು ವ್ಯಾಟಿಗೆ ತಾಸಿಗೆ 3.412 ಬಿಟಿಯುನಂತೆ ಗುಣಿಸಿದಾಗ 22,110 ಬಂತು, ಏಸಿ ಹೊರಹಾಕುವುದಕ್ಕಿಂತ ನಾಲ್ಕು ಸಾವಿರ ಹೆಚ್ಚು.

ಕಮರುದ್ದೀನ ಏಣಿ ಇಳಿದು ಬಂದು ಓದಿದ. "ನಾ ಕೋಣಿ ಅಳದೆ. ದೀಪ ಎಣಸಲಿಲ್ಲ."

"ನಾ ದೀಪ ಎಣಸಿದೆ. ನಿಮ್ಮನ್ನ ಕೇಳಲಿಲ್ಲ."

"ಇನ್ನೊಂದು ಮಿಷನ್ ಬರಾಕ ಎಂಟು ದಿನಾ ಬೇಕ್ರಿ."

"ಅಷ್ಟು ದಿನಾ ಇವು ಉಳಿಯೂದಿಲ್ಲ."

ಸಸಿಗಳಿಗೆ ದಿನಕ್ಕೆ ಹದಿನಾರು ತಾಸು ಬೆಳಕು, ಎಂಟು ತಾಸು ಕತ್ತಲೆ. ವಾಚಮನ್ ಬೆಳಿಗ್ಗೆ ಆರಕ್ಕೆ ಎಲ್ಲ ಹಚ್ಚುತ್ತಿದ್ದ, ರಾತ್ರಿ ಹತ್ತಕ್ಕೆ ಎಲ್ಲ ಆರಿಸುತ್ತಿದ್ದ. ಆದರೆ ಮೂರೂ ಸಾಲು ಒಟ್ಟಿಗೇ ಮಲಗಬೇಕೆಂದು ಯಾರು ಹೇಳಿದ್ದರು? ಒಂದರ ಹಿಂದೊಂದು ಮಲಗಿದರೆ ಯಾವ ಹೊತ್ತಿಗೂ ಉರಿಯುವುದು ಎರಡೇ ಸಾಲು. 4,320 ವ್ಯಾಟ್. ಕಮರುದ್ದೀನನಿಗೆ ಅದನ್ನು ಹೇಳುತ್ತ ಅವಳು ಮತ್ತೆ ಗುಣಿಸಿದಳು: 14,740. ಹದಿನೆಂಟು ಸಾವಿರದ ಒಳಗೆ.

"ಗಿಡಕ್ಕೂ ಪಾಳಿ ಹಚ್ಚಿದ್ರೇನ್ರಿ, ರೈಲ್ವೆ ವರ್ಕಶಾಪಿನ ಹಂಗ?"

"ಹೂಂ. ಆ ಕರೀ ಅರಬಿ ಕೊಡ್ರಿ ಇಲ್ಲೆ."

ಅವಳು ಮೂರನೆಯ ಸಾಲಿನ ಸ್ವಿಚ್ ಆರಿಸಿದಳು. ಪಕ್ಕದ ಬೆಳಕು ಬೀಳದಂತೆ ಇಬ್ಬರೂ ಕೂಡಿ ಸುತ್ತ ಆ ಕರಿ ಬಟ್ಟೆ ಇಳಿಬಿಟ್ಟರು. ಕಮರುದ್ದೀನ ಏಸಿಯ ಮುಚ್ಚಳ ಬಿಗಿದ. ಆದರೆ ಮನೆಗೆ ಹೋಗದೆ, ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕುಳಿತ.

ಆರು ಗಂಟೆಗೆ ಬಾಳಕೃಷ್ಣ ಬಂದಾಗ ಕುಕ್ಕರಿನ ಮುಚ್ಚಳ ತೆರೆದೇ ಇತ್ತು, ಒಳಗೆ ಬಾಟಲಿಗಳಿರಲಿಲ್ಲ. ಸಂಪದಾ ಒಳಕೋಣೆಯ ಬಾಗಿಲು ತೆರೆದಳು. ಅವರು ಕನ್ನಡಕ ಏರಿಸಿಕೊಂಡು ಗೋಡೆಯ ಪಾದರಸದತ್ತ ಬಗ್ಗಿದರು.

26.4 ಡಿಗ್ರಿ.