ಗೆದ್ದವರ ಡಬರಿ

ಸೋತು ಮನೆಗೆ ಮರಳುವ ಬಸ್ಸಿನಲ್ಲಿ ಧನ್ಯಶ್ರೀಯ ತೊಡೆಯ ಮೇಲೆ ಒಂದು ಸ್ಟೀಲಿನ ಡಬರಿ ಇರುತ್ತಿತ್ತು. ಅದರೊಳಗೆ ಅವಳ ಅಜ್ಜಿ, ಬಾಗಿ ಎಂಬುವಳು, ಬೆಳಿಗ್ಗೆ ಎದ್ದು ಮಾಡಿದ ಬಂಗುಡೆ ಸಾರು. ಮುಚ್ಚಳದ ಮೇಲೆ ಅಜ್ಜಿ ಬಿಗಿದ ಬಟ್ಟೆಯ ಗಂಟನ್ನು ಯಾರೂ ಬಿಚ್ಚಿರುತ್ತಿರಲಿಲ್ಲ. ಆದರೂ ವಾಸನೆ ಸುಮ್ಮನಿರುತ್ತದೆಯೇ? ಕುಂದಾಪುರ ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದವರೆಲ್ಲ ಮೂಗು ಅರಳಿಸಿ ಹಿಂದಕ್ಕೆ ತಿರುಗುತ್ತಿದ್ದರು. "ಯಾರ್ ಮನಿ ಊಟ ಹೆಣ್ಣೇ?" ಎಂದು ಕಂಡಕ್ಟರ್ ಕೇಳಿದರೆ ಅವಳು ಕಿಟಕಿಯ ಹೊರಗೆ ಮುಖ ಮಾಡುತ್ತಿದ್ದಳು.

ಧನ್ಯಶ್ರೀ ಗೋಲ್‌ಕೀಪರ್. ಹಂಗಾರಕಟ್ಟೆ ಬದಿಯ ಅವಳ ಕಾಲೇಜಿಗೂ ಬೈಂದೂರು ಬದಿಯ ಇನ್ನೊಂದು ಕಾಲೇಜಿಗೂ ಹುಡುಗಿಯರ ಫುಟ್‌ಬಾಲಿನಲ್ಲಿ ಹಳೆಯ ಜಿದ್ದು. ಎರಡೂ ಒಂದೇ ವಲಯದಲ್ಲಿದ್ದವು, ವರ್ಷಕ್ಕೊಮ್ಮೆ ಎದುರಾಗಲೇಬೇಕಿತ್ತು. ಆ ದಿನಕ್ಕೊಂದು ಕಟ್ಟಳೆಯೂ ಇತ್ತು. ಎರಡೂ ತಂಡಗಳು ಮನೆಯಿಂದ ಊಟ ಮಾಡಿಸಿ ತರಬೇಕು. ಆಟ ಮುಗಿದ ಮೇಲೆ ಗೆದ್ದವರ ಡಬರಿ ಮಾತ್ರ ಬಾಯಿ ತೆರೆಯಬೇಕು. ಗೆದ್ದವರು ಸೋತವರನ್ನು ಸಾಲಾಗಿ ಕೂರಿಸಿ, ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಬೇಕು. ಸೋತವರ ಡಬರಿ ಕಟ್ಟಿದ ಹಾಗೆಯೇ ಮನೆಗೆ. ಯಾವುದೋ ಕಾಲದಲ್ಲಿ ಎರಡು ತಂಡಗಳು ಕೈ ಕೈ ಮಿಲಾಯಿಸಿದಾಗ ಯಾರೋ ಹಿರಿಯರು ಹೀಗೆ ರಾಜಿ ಮಾಡಿಸಿದ್ದರಂತೆ. ರಾಜಿಯೋ ಶಿಕ್ಷೆಯೋ ಧನ್ಯಶ್ರೀಗೆ ತಿಳಿಯದು. ಕಾಲೇಜು ಸೇರಿದಾಗಿನಿಂದ ಅವಳು ಉಂಡವಳೇ ಹೊರತು ಬಡಿಸಿದವಳಲ್ಲ.

ಬಡಿಸುತ್ತಿದ್ದವಳು ಸ್ವಾತಿ. ಬೈಂದೂರಿನವರ ಪರವಾಗಿ ಗೋಲು ಹೊಡೆಯುವವಳು, ಬೇಸಾಯದ ಮನೆಯ ಹುಡುಗಿ. ಎಡಗಾಲಿನಲ್ಲಿ ಒದ್ದರೆ ಚೆಂಡು ಬೀಸಿದ ಬಲೆಯ ಹಾಗೆ ಗಾಳಿಯಲ್ಲಿ ಹೊರಳಿ ಬರುತ್ತಿತ್ತು. ಅಷ್ಟು ಸಾಲದೆಂಬಂತೆ, ಆಟ ಮುಗಿದ ಮೇಲೆ ಸೌಟು ಹಿಡಿದುಕೊಂಡು ಧನ್ಯಶ್ರೀಯ ಎದುರೇ ಬಂದು ಬಗ್ಗುತ್ತಿದ್ದಳು.

"ಇನ್ನೊಂದ್ ತುಂಡ್ ಹಾಕ್ಲಾ? ಚೆಂಡ್ ಹೆಕ್ಕಿ ಹೆಕ್ಕಿ ಸೊಂಟ ನೋಯ್ತಾ ಇಕ್ಕ್."

"ಬ್ಯಾಡ."

"ಬ್ಯಾಡ ಅಂದ್ರ್ ಆತ್ತಾ? ಗೆದ್ದವ್ರ್ ಬಡ್ಸಿದ್ದ್ ಬಿಡುಕಾಗ."

ಆ ಕೋಳಿ ಸಾರು ರುಚಿಯಾಗಿರುತ್ತಿತ್ತು. ಅದೇ ದೊಡ್ಡ ಸಂಕಟ. ಕೆಟ್ಟದಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡಾದರೂ ಉಣ್ಣಬಹುದಿತ್ತು. ಒಂದು ಸಲ, ಒಂದೇ ಒಂದು ಸಲ, ತಾನು ಸೌಟು ಹಿಡಿಯಬೇಕು, ಸ್ವಾತಿ ಕೆಳಗೆ ಕುಳಿತು ಅಜ್ಜಿಯ ಸಾರು ಉಣ್ಣಬೇಕು. ಧನ್ಯಶ್ರೀಯ ಆಸೆ ಇಷ್ಟೇ. ಟ್ರೋಫಿ ಯಾರಿಗೆ ಬೇಕು? ಅದರಲ್ಲಿ ಸಾರು ನಿಲ್ಲುವುದಿಲ್ಲ.

ಕೊನೆಯ ವರ್ಷದ ಆಟದ ದಿನಗಳು ಹತ್ತಿರ ಬಂದಾಗ ದೈಹಿಕ ಶಿಕ್ಷಣದ ರವಿಚಂದ್ರ ಸರ್ ಎಲ್ಲರನ್ನೂ ಮೈದಾನದ ಅಂಚಿಗೆ ಕರೆದರು. ವಲಯಗಳನ್ನು ಹೊಸದಾಗಿ ಹಂಚಿದ್ದಾರೆ. ಹಂಗಾರಕಟ್ಟೆ, ಬ್ರಹ್ಮಾವರ ಬದಿಯ ಕಾಲೇಜುಗಳು ಇನ್ನು ತೆಂಕಲ ಊರುಗಳ ಜೊತೆ, ಬೈಂದೂರಿನವು ಬಡಗಣ ವಲಯಕ್ಕೆ. ತೆಂಕಲಿಗೆ ಹೋದರೆ ಹುಲ್ಲಿನ ಮೈದಾನ, ದೊಡ್ಡ ಕಾಲೇಜುಗಳ ಜೊತೆ ಆಟ, ಹೆಸರು.

"ಹಾಂಗಾರ್ ಬೈಂದೂರ್ನವ್ರ್ ಒಟ್ಟಿಗ್ ಆಟ ಇಲ್ಯಾ ಸರ್?" ಡಿಫೆಂಡರ್ ವಿನಯಾ ಕೇಳಿದಳು.

"ಇಲ್ಲೆ. ಅವ್ರ್ ದಾರಿ ಅವ್ರಿಗೆ, ನಮ್ ದಾರಿ ನಮ್ಗೆ."

"ದೇವ್ರ್ ದೊಡ್ಡವ!" ವಿನಯಾ ಆಕಾಶಕ್ಕೆ ಕೈಮುಗಿದಳು. "ಆ ಸ್ವಾತಿ ಎಡಗಾಲಿಂದ ತಪ್ಪಿಸ್ಕಂಡ್ಯಲೆ ಧನ್ಯಾ. ಮತ್ತೆಂತಕ್ ಮುಖ ಹಾಂಗ್ ಮಾಡ್ಕಂಡಿದ್ದೆ? ಬಂಗ್ಡಿ ತಿಂಬುಕ್ ಹೋಯಿ ಮುಳ್ ಸಿಕ್ದಾಂಗೆ?"

ಎಲ್ಲರೂ ನಕ್ಕರು. ಧನ್ಯಶ್ರೀ ಗ್ಲೌಸು ಬಿಚ್ಚಿ ಮತ್ತೆ ಹಾಕಿಕೊಂಡಳು. ದಿನವೂ ಸಂಜೆ ಮನೆಯ ಹಿಂದಿನ ಮರಳಿನಲ್ಲಿ ಎರಡು ತೆಂಗಿನ ಸಿಪ್ಪೆ ಇಟ್ಟು, ಅವುಗಳ ನಡುವೆ ನಿಂತು, ಎದುರಿನ ಖಾಲಿ ಜಾಗದಲ್ಲಿ ಅವಳು ಕಾಣುತ್ತಿದ್ದದ್ದು ಒಬ್ಬಳನ್ನೇ. ಇನ್ನು ಆ ಜಾಗದಲ್ಲಿ ಯಾರನ್ನು ನಿಲ್ಲಿಸಿಕೊಳ್ಳಬೇಕು? ತೆಂಕಲಿನವರ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಅವರ ಕೈಯಲ್ಲಿ ಸೋತರೆ ಅದು ಬರೀ ಸೋಲು.

ಸ್ವಾತಿಯ ನಂಬರು ಅವಳ ಬಳಿ ಇರಲಿಲ್ಲ. ಮನಸ್ಸಿನಲ್ಲೇ ಬೈಯಲು ನಂಬರು ಬೇಕಾಗಿರಲಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿ ಮೆಸೇಜು ಹಾಕಿದಳು. ಉತ್ತರದ ಬದಲು ಕರೆಯೇ ಬಂತು.

"ಹ್ವಾಯ್, ಗೋಲ್‌ಕೀಪರ್! ಎಂತ, ನಮ್ ಕೋಳಿ ಸಾರ್ ನೆನ್ಪಾಯ್ತಾ?"

"ವಲಯ ಬ್ಯಾರೆ ಆಯ್ತಲೆ. ಸುಮ್ನೆ ಒಂದ್ ಆಟ ಆಡುವನಾ? ಕಪ್ಪಿಲ್ಲೆ, ಸರ್ಟಿಫಿಕೇಟಿಲ್ಲೆ."

"ಡಬರಿ ಇತ್ತಾ?"

"ಡಬರಿ ಇತ್ತ್."

"ಹಾಂಗಾರ್ ಬತ್ತೆ. ಡಬರಿ ಇಲ್ದಿದ್ರ್ ಅದೆಂತ ಆಟ!"

ಕಾಲೇಜಿನ ಮೈದಾನ ಬೇಕೆಂದರೆ ಅನುಮತಿ ಕೇಳಬೇಕು, ಅನುಮತಿ ಕೇಳಿದರೆ ನೂರು ಪ್ರಶ್ನೆ. ಹಾಗಾಗಿ ಇಬ್ಬರಿಗೂ ನಡುವೆ ಬೀಳುವ ಕೋಟೇಶ್ವರದಲ್ಲಿ ಇಳಿದು, ಪಡುವಿಗೆ ನಡೆದು, ಕಡಲ ಕರೆಯ ಮರಳಿನಲ್ಲೇ ಆಡುವುದೆಂದು ಆಯಿತು. ದಿನ ಇಟ್ಟವಳು ಧನ್ಯಶ್ರೀ. ಹುಣ್ಣಿಮೆಯ ಮರುದಿನ ಸಂಜೆ ಕಡಲು ಬಹಳ ದೂರ ಇಳಿಯುತ್ತದೆ, ಒದ್ದೆ ಮರಳು ಗಾರೆ ನೆಲದಂತೆ ಗಟ್ಟಿಯಾಗಿ ಹರಡಿಕೊಳ್ಳುತ್ತದೆ. ಮೀನುಗಾರರ ಮನೆಯ ಹುಡುಗಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಚಂದ್ರನ ಬಿಳಿ ಗುರುತನ್ನು ಹುಡುಕಿದಳು. ಹುಣ್ಣಿಮೆ ಶನಿವಾರ. ಭಾನುವಾರವೇ ಸರಿ. ಆ ಭಾನುವಾರದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೇನಿದೆ ಎಂದು ಅವಳು ನೋಡಲಿಲ್ಲ.

ಆ ಬೆಳಿಗ್ಗೆ ಅಜ್ಜಿ ಗಂಟು ಬಿಗಿಯುತ್ತ ಹೇಳಿದಳು, "ಈ ಸಲವೂ ತಿರ್ಗಿ ತಂದ್ರೆ ಬೆಕ್ಕಿಗ್ ಹಾಕ್ತೆ, ಕಾಣ್."

"ಈ ಸಲ ತಿರ್ಗಿ ತತ್ತಿಲ್ಲೆ ಅಜ್ಜಿ."

"ಪ್ರತಿ ವರ್ಷ ಇದನ್ನೇ ಹೇಳ್ತೆ ನೀನ್. ಬೆಕ್ಕಿಗೂ ಗೊತ್ತಾಯ್ತ್, ಆಗ್ಳಿಂದ ಇಲ್ಲೇ ಕೂಕಂಡಿತ್ತ್."

ರವಿಚಂದ್ರ ಸರ್, "ನಾ ಬಂದ್ರೆ ಕಾಲೇಜಿನ ಲೆಕ್ಕ ಆತ್ತ್, ನಾ ಬಪ್ಪುದಿಲ್ಲ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಹುಡುಗಿಯರು ಕಡಲ ಕರೆ ಮುಟ್ಟಿದಾಗ ಅವರು ಪಂಚೆ ಎತ್ತಿ ಕಟ್ಟಿಕೊಂಡು ಅಲ್ಲೇ ನಿಂತಿದ್ದರು. "ಗಾಳಿ ತಕಂಬುಕ್ ಬಂದದ್ದ್" ಎಂದರು. ಕುತ್ತಿಗೆಯಲ್ಲಿ ವಿಷಲ್ ನೇತಾಡುತ್ತಿತ್ತು.

ಬೈಂದೂರಿನವರು ಬಂದರು. ಎರಡೂ ಕಡೆ ಏಳೇಳು ಮಂದಿ ಕೂಡಿದರು, ಅಷ್ಟು ಸಾಕೆಂದಾಯಿತು. ಸ್ವಾತಿ ಎರಡು ಡಬರಿಗಳನ್ನು ಗಾಳಿಮರದ ಬುಡದಲ್ಲಿ ಇಟ್ಟಳು. ಧನ್ಯಶ್ರೀ ಪಕ್ಕದಲ್ಲಿ ಹಾದುಹೋಗುವ ನೆಪದಲ್ಲಿ ಮೂಗು ಎಳೆದಳು. ಮಸಾಲೆಯ ಘಾಟಿಲ್ಲ, ಕೋಳಿಯ ಸುಳಿವಿಲ್ಲ. ಕಪ್ಪಿಲ್ಲದ ಆಟಕ್ಕೆ ಕೋಳಿ ಯಾಕೆ ಎಂದುಕೊಂಡರೇನೋ. ಇವರಿಗೆ ಇದು ಲೆಕ್ಕಕ್ಕೇ ಇಲ್ಲ.

ಆ ಸಿಟ್ಟಿನಲ್ಲೇ ಅವಳು ಮರಳಿನಲ್ಲಿ ಕಂಬ ನೆಟ್ಟು ಮಾಡಿದ ಗೋಲಿನೆದುರು ನಿಂತಳು. ಸಿಟ್ಟು ಕೆಲಸಕ್ಕೆ ಬರಲಿಲ್ಲ. ಸ್ವಾತಿಯ ಮೊದಲ ಒದೆತವೇ ಅವಳ ಕೈಬೆರಳು ಸವರಿ ಒಳಗೆ ಹೋಯಿತು. "ಎಲೆ ಹಾಕಿ!" ಎಂದು ಬೈಂದೂರಿನವರು ಕೂಗಿದರು. ಆಮೇಲೆ ವಿನಯಾ ತನ್ನ ಜಾಗ ಬಿಟ್ಟು ಓಡಿಹೋಗಿ, ಒದೆಯಲು ಹೋಗಿ ಜಾರಿ, ಮೊಣಕಾಲಿಗೆ ತಾಗಿದ ಚೆಂಡು ಗೋಲಾಯಿತು. ಅವಳಿಗೇ ನಂಬಿಕೆ ಬರಲಿಲ್ಲ. ಮುಂದಿನದು ಸರಿಯಾದ ಗೋಲು, ತಲೆಯಿಂದ ಹೊಡೆದದ್ದು. ಹಂಗಾರಕಟ್ಟೆಯವರು ಒಂದು ಗೋಲು ಮುಂದೆ. ಹೊತ್ತು ಕಡಲಿಗೆ ಇಳಿಯುತ್ತಿತ್ತು.

ಆಗ ಸ್ವಾತಿ ಒಬ್ಬಳೇ ನುಗ್ಗಿ ಬಂದಳು. ಎದುರಿಗೆ ಧನ್ಯಶ್ರೀ ಬಿಟ್ಟರೆ ಯಾರೂ ಇಲ್ಲ. ಎಡಗಾಲು ಹಿಂದೆ ಹೋಯಿತು. ಅದಕ್ಕೂ ಒಂದು ಕ್ಷಣ ಮೊದಲು ಅವಳ ಬಲ ಮೊಣಕಾಲು ಒಂದಿಷ್ಟು ಒಳಗೆ ತಿರುಗಿತು. ಹಾಗೆ ತಿರುಗಿದರೆ ಚೆಂಡು ಬಲಗಂಬದ ಬುಡಕ್ಕೆ. ತಿರುಗದಿದ್ದರೆ ಎಡಕ್ಕೆ, ಮೇಲಕ್ಕೆ. ಧನ್ಯಶ್ರೀ ಬಲಕ್ಕೆ ಹಾರಿದಳು. ಚೆಂಡು ಭುಜಕ್ಕೆ ಬಡಿದು, ಪುಟಿದು, ತೆರೆಯೊಳಗೆ ಹೋಗಿ ಬಿತ್ತು.

ಕೆನ್ನೆಯನ್ನು ಮರಳಿಗೆ ಒತ್ತಿ ಅವಳು ಬಿದ್ದಲ್ಲೇ ಇದ್ದಳು. ಆಟ ಮುಗಿದ ವಿಷಲ್ ಕೇಳಿತು, ವಿನಯಾ ಮೈಮೇಲೆ ಬಿದ್ದಳು, ಇನ್ನೂ ಯಾರೋ ಬಿದ್ದರು. ಆ ರಾಶಿಯ ಅಡಿಯಲ್ಲಿ ಧನ್ಯಶ್ರೀಗೆ ಹೊಳೆದದ್ದು ವಿಚಿತ್ರವಾದ ಸಂಗತಿ. ಆ ಮೊಣಕಾಲಿನ ಗುಟ್ಟನ್ನು ಸರ್ ಹೇಳಿಕೊಟ್ಟಿರಲಿಲ್ಲ, ಮೊಬೈಲಿನಲ್ಲಿ ನೋಡಿದ್ದೂ ಅಲ್ಲ. ಸೋಲಿಸಿ ಸೋಲಿಸಿ ಸ್ವಾತಿಯೇ ಕಲಿಸಿದ್ದು. ಈ ಕೈಗಳನ್ನು ಬೆಳೆಸಿದ್ದೇ ಆ ಕಾಲು.

ಗಾಳಿಮರದ ಕೆಳಗೆ ಬೈಂದೂರಿನವರು ಸಾಲಾಗಿ ಕುಳಿತರು. ಧನ್ಯಶ್ರೀ ಎಲೆ ಹಾಕಿಸಿದಳು. ಅಜ್ಜಿಯ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿ, ಸೌಟು ಮುಳುಗಿಸಿ, ಇಡೀ ಬಂಗುಡೆಯೊಂದನ್ನು ಎತ್ತಿ ಧನ್ಯಶ್ರೀ ಸ್ವಾತಿಯ ಎದುರು ಬಗ್ಗಿದಳು. ಸ್ವಾತಿ ಮೀನನ್ನು ನೋಡಿದಳು, ಪಕ್ಕದವಳನ್ನು ನೋಡಿದಳು.

"ಎಂತ? ಬಂಗ್ಡಿ ಆತ್ತಿಲ್ಯಾ?"

"ಆತ್ತ್ ಮಾರಾಯ್ತಿ, ವಾಸ್ನಿಗೇ ಬಾಯಲ್ ನೀರ್ ಬಂತ್. ಆರೆ... ಇವತ್ ಸಂಕ್ರಮಣ ಅಲ್ದಾ?"

ಧನ್ಯಶ್ರೀಯ ಕೈಯಲ್ಲಿ ಸೌಟು ನಿಂತುಹೋಯಿತು.

"ನಮ್ಮಲ್ ಸಂಕ್ರಮಣಕ್ ಮೀನ್ ಮುಟ್ಟುದಿಲ್ಲ. ಮನಿಯಲ್ ನಾಗ ಇತ್ತ್, ದೈವ ಇತ್ತ್. ಅದ್ಕೇ ಕೋಳಿ ಮಾಡ್ಲಿಲ್ಲ. ನೀವೂ ಗೊತ್ತಿದ್ದೇ ದಿನ ಇಟ್ಟದ್ದ್ ಅಂದೇಳಿ ತಿಳ್ಕಂಡೆ."

"ನಾ ಚಂದ್ರನ್ ಕಂಡ್ ದಿನ ಇಟ್ಟದ್ದ್," ಧನ್ಯಶ್ರೀ ಮೆಲ್ಲಗೆ ಹೇಳಿದಳು. "ಇಳಿತ ಕಾಣ್ಕಲೆ."

"ನಮ್ಮನಿಯಲ್ ಸೂರ್ಯನ್ ಲೆಕ್ಕ."

ರವಿಚಂದ್ರ ಸರ್ ಗಂಟಲು ಸರಿ ಮಾಡಿಕೊಂಡರು. "ಗೆದ್ದವ್ರದ್ದ್ ಉಂಬುಕಾತಿಲ್ಲೆ. ಸೋತವ್ರದ್ದ್ ತೆಗೂಕಿಲ್ಲೆ. ಹಾಂಗಾರ್ ಒಂದ್ ಕೆಲ್ಸ ಮಾಡುವ, ಎಲ್ಲಾ ಡಬರಿ ನಾ ಮನಿಗ್ ತಕಂಡ್ ಹೋತೆ."

ನಗು ಎದ್ದಿತು. ಧನ್ಯಶ್ರೀ ನಗಲಿಲ್ಲ. ಅವಳ ಮುಖ ನೋಡಿ ಸ್ವಾತಿ ಎಲೆಯನ್ನು ಮುಂದೆ ತಳ್ಳಿದಳು. "ಹಾಕ್ ಕಾಂಬ. ಒಂದ್ ದಿನಕ್ ಎಂತಾತ್ತ್? ಸೋತದ್ ನಾನಲ್ದಾ. ಮನಿಯಂಗ್ ಹೇಳ್ದಿದ್ರ್ ಆಯ್ತ್."

ಆ ಎಲೆಯ ಮೇಲೆ ಸೌಟು ಒಂದು ಕ್ಷಣ ತೂಗಿತು. ಇಷ್ಟು ವರ್ಷ ಬಯಸಿದ್ದು ಇದೇ. ಕೈ ಸ್ವಲ್ಪ ಬಾಗಿಸಿದರೆ ಮುಗಿಯಿತು. ಆದರೆ ಈ ಹುಡುಗಿ ತನಗಾಗಿ ಮನೆಯ ನಡೆಯನ್ನೇ ಬಿಡಲು ಕುಳಿತಿದ್ದಾಳೆ. ತನ್ನನ್ನು ಲೆಕ್ಕಕ್ಕಿಟ್ಟಿಲ್ಲವೆಂದು ತಾನು ಸಿಟ್ಟಾದದ್ದು ಇವಳ ಮೇಲೆಯೇ.

"ಬ್ಯಾಡ," ಎಂದಳು ಧನ್ಯಶ್ರೀ. ಮೀನನ್ನು ಡಬರಿಗೆ ಮರಳಿಸಿ ಮುಚ್ಚಳ ಹಾಕಿದಳು. "ಹಾಂಗ್ ಉಂಬುದ್ ಬ್ಯಾಡ. ನಿನ್ ಡಬರಿ ಕೊಡ್."

"ಸೋತವ್ರ್ ಡಬರಿ ತೆಗೂಕಿಲ್ಲೆ."

"ಗೆದ್ದವ್ರ್ ಹೇಳ್ದ್ ಕೇಣ್ಕ್. ಕೊಡ್ ಅಂದೆ."

ಒಂದರಲ್ಲಿ ಅನ್ನ ಮತ್ತು ಸೌತೆಕಾಯಿ ಹುಳಿ, ಇನ್ನೊಂದರಲ್ಲಿ ಹೆಸರುಬೇಳೆ ಪಾಯಸ. ಧನ್ಯಶ್ರೀ ಸೌಟನ್ನು ಕಡಲಿನಲ್ಲಿ ತೊಳೆದು, ಆಮೇಲೆ ಬಾಟಲಿಯ ನೀರು ಹಾಕಿ ತೊಳೆದು ತಂದಳು. ಬೈಂದೂರಿನವರ ಊಟವನ್ನು ಬೈಂದೂರಿನವರಿಗೇ ಬಡಿಸುತ್ತ ಹೋದಳು. ಸ್ವಾತಿಯ ಎದುರು ತುಸು ಹೆಚ್ಚೇ ಬಗ್ಗಿದಳು.

"ಇನ್ನೊಂದ್ ಸೌಟ್ ಹಾಕ್ಲಾ? ಒದ್ದ್ ಒದ್ದ್ ಕಾಲ್ ನೋಯ್ತಾ ಇಕ್ಕ್."

"ಹಾಕ್ ಹಾಕ್. ನಮ್ಮನಿದೇ ಅಲ್ದಾ, ನಿನ್ ಗಂಟೆಂತ ಹೋತ್ತ್?"

ತನ್ನ ತಂಡದವರಿಗೂ ಬಡಿಸಿ, ಕೊನೆಗೆ ತಾನೂ ಕುಳಿತಳು. ಗೆದ್ದೂ ಬೈಂದೂರಿನ ಅನ್ನವೇ. ಪಾಯಸ ರುಚಿಯಾಗಿತ್ತು, ಈ ಸಲ ಅದರಿಂದ ಸಂಕಟವಾಗಲಿಲ್ಲ.

ಹೊರಡುವಾಗ ಬಂಗುಡೆಯ ಡಬರಿಗೆ ಮತ್ತೆ ಗಂಟು ಬಿಗಿದು ಸ್ವಾತಿಯ ಕೈಗೆ ಕೊಟ್ಟಳು. "ನಾಳೆ ಉಣ್ಣಿ. ಮೀನ್ ಸಾರ್ ಮರ್ದಿನವೇ ರುಚಿ."

"ಇವತ್ ಒಳ್ಗ್ ತಕಂಡ್ ಹೋಪುಕಾಗ. ಹಟ್ಟಿ ಬದಿಯಂಗ್ ಇಡ್ತೆ."

"ಬೆಕ್ಕ್ ಕಾಣ್ಕಣ್."

ಮರುದಿನ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಫೋನ್ ಬಂತು. ಆ ಕಡೆಯಿಂದ ಮೊದಲು ಮಾತಾಡಿದ್ದು ಸ್ವಾತಿಯ ತಾಯಿ ಚಂದ್ರಮತಿ. ಅವರಿಗೆ ಬೇಕಾದದ್ದು ಅಜ್ಜಿ ಬಾಗಿ. ಒಬ್ಬರನ್ನೊಬ್ಬರು ಕಂಡೇ ಇರದ ಇಬ್ಬರು ಹೆಂಗಸರು ಹುಳಿ ಯಾವಾಗ ಹಾಕಬೇಕು, ಮೆಣಸು ಹುರಿಯಬೇಕೋ ಬೇಡವೋ ಎಂದು ಮಾತಾಡಿಯೇ ಮಾತಾಡಿದರು. "ಸಂಕ್ರಮ್ಣ ಅಂದೇಳಿ ನಂಗ್ ಗೊತ್ತಿತ್ತಮ್ಮ," ಎನ್ನುತ್ತಿದ್ದಳು ಬಾಗಿ, "ಆರೆ ಈ ಹೆಣ್ಣ್ ನನ್ ಹತ್ರ ಕೇಂಡದ್ ಮೀನ್ ಸಾರ್. ಸಂಕ್ರಮ್ಣ ಯಾವಾಗ ಅಂತ ಇದ್ ಕೇಂಡಿತಾ?"

ಕೊನೆಗೂ ಫೋನು ಧನ್ಯಶ್ರೀಯ ಕೈಗೆ ಬಂದಾಗ ಸ್ವಾತಿ ಕೇಳಿದಳು, "ಸಾರ್ ಫಸ್ಟ್ ಕ್ಲಾಸ್. ಈಗ್ಳ್ ಸತ್ಯ ಹೇಳ್. ನಾ ಆ ಬದಿಗೇ ಒದಿತೆ ಅಂದೇಳಿ ನಿಂಗ್ ಹ್ಯಾಂಗ್ ಗೊತ್ತಾಯ್ತ್?"

ಧನ್ಯಶ್ರೀ ಅಂಗಳಕ್ಕೆ ಬಂದಳು. ಭುಜ ಇನ್ನೂ ನೋಯುತ್ತಿತ್ತು. ಹೇಳದಿದ್ದರೆ ಎಂದೆಂದಿಗೂ ತಡೆಯಬಹುದು. ಆದರೆ ಇವಳಿಂದ ಪಡೆದದ್ದಕ್ಕೆ ಪ್ರತಿಯಾಗಿ ಕೊಡಲು ಬೇರೆ ಏನಿದೆ ತನ್ನ ಬಳಿ?

"ಒದಿಯುಕ್ ಮುಂಚೆ ನಿನ್ ಬಲ ಮೊಣಕಾಲ್ ಒಳ್ಗ್ ತಿರುಗ್ತ್," ಎಂದಳು.

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಸ್ವಾತಿ ಎದ್ದು ನಿಂತು, ಮೊಣಕಾಲನ್ನೇ ನೋಡುತ್ತ ಗಾಳಿಯನ್ನು ಒದ್ದು ನೋಡುತ್ತಿದ್ದಾಳೆ ಎಂದು ಧನ್ಯಶ್ರೀಗೆ ಇಲ್ಲಿಂದಲೇ ಕಂಡಿತು.

"ಹೌದಲೆ! ಎಂತ ಹೆಣ್ಣ್ ಮಾರಾಯ್ತಿ ನೀನ್, ಇದನ್ ಯಾರಾರ್ ಹೇಳ್ತ್ರಾ? ಇನ್ನ್ ಬಪ್ಪ ಆಟದಲ್ ನೀ ಸೋತೆ ಅಂದೇಳಿ ತಿಳ್ಕೋ."

"ಅಮಾಸಿ ಮರ್ದಿನವೂ ಕಡಲ್ ದೂರ ಇಳಿತ್ತ್," ಎಂದಳು ಧನ್ಯಶ್ರೀ. "ಬಾ. ಕಾಂಬ."