ಮೂರು ಏಟಿನ ಮಂಜುಗಡ್ಡೆ

ಗ್ರೀನ್‌ಲ್ಯಾಂಡಿನ ನಮ್ಮೂರಲ್ಲಿ ಫೆಬ್ರವರಿ ಬಂತೆಂದರೆ ಸಮುದ್ರವೇ ರಸ್ತೆ. ಹೆಪ್ಪುಗಟ್ಟಿದ ನೀರಿನ ಮೇಲೆ ನಾಯಿಬಂಡಿ ಓಡಿಸಿಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು ಹಾಲಿಬಟ್ ಮೀನು ಹಿಡಿಯುತ್ತೇವೆ. ನಮಗೂ ಅದೇ ಊಟ, ನಾಯಿಗಳಿಗೂ ಅದೇ. ಈ ವರ್ಷ ರಸ್ತೆ ಗಟ್ಟಿಯಾಗಲೇ ಇಲ್ಲ. ನನ್ನ ತಮ್ಮ ಇತ್ತುಕುಸುಕನ ಹದಿಮೂರು ನಾಯಿಗಳು ಹಸಿದು ಊಳಿಡುತ್ತಿದ್ದವು.

ಅವನೋ ಮಹಾ ಹಟಮಾರಿ. ಬಂಡಿ ಹೂಡಿಯೇಬಿಟ್ಟ. ನನ್ನ ಮಗಳು ತುಕುಮ್ಮೆ ಅಡ್ಡ ನಿಂತಳು. ಸಮುದ್ರದ ಉಪ್ಪು, ಬಿಸಿ ಅಳೆಯುವುದು ಅವಳ ಕೆಲಸ.

"ಹೋಗ್ಬೇಡ ಮಾವ. ಗಡ್ಡೆ ತೆಳ್ಳಗಿದೆ."

"ನೀನು ಹುಟ್ಟೋಕೆ ಮುಂಚೆಯಿಂದ ಇದರ ಮೇಲೆ ಓಡಾಡ್ತಿದೀನಿ ಕಣೇ. ಮೂರು ಏಟಿಗೆ ಒಡೀಲಿಲ್ಲ ಅಂದ್ರೆ ಬಂಡಿ ಭಾರ ತಡೆಯುತ್ತೆ. ನಮ್ಮಪ್ಪ ಕಲಿಸಿದ್ದು!"

ಉದ್ದ ಹಿಡಿಯ ಉಳಿಯಿಂದ ದಡದ ಬಳಿ ಮೂರು ಏಟು ಹಾಕಿದ. ಒಡೆಯಲಿಲ್ಲ. ಅವನ ಜಂಬ ನೋಡಬೇಕಿತ್ತು.

"ಇಲ್ಲಿ ಸರಿ. ನಲವತ್ತು ಹೆಜ್ಜೆ ಮುಂದೆ ಹೊಡಿ ನೋಡೋಣ," ಎಂದಳು ತುಕುಮ್ಮೆ.

ಅವನ ಸೊಂಟಕ್ಕೆ ಹಗ್ಗ ಕಟ್ಟಿ ಕಳಿಸಿದೆವು. ಅಲ್ಲಿ ಮೊದಲ ಏಟಿಗೇ ಉಳಿ ಇಳಿಯಿತು. ಕಪ್ಪು ನೀರು ಉಕ್ಕಿತು. ತಮ್ಮ ಬಿಳಿಚಿಕೊಂಡು ವಾಪಸ್ ಬಂದ.

"ಇಷ್ಟು ಚಳಿ ಇದ್ಯಲ್ಲೇ! ಹೆಂಗೆ ಕರಗ್ತು?"

"ಕೆಳಗಿಂದ ಮಾವ. ದಕ್ಷಿಣದಿಂದ ಬರೋ ನೀರು ಮುಂಚಿಗಿಂತ ಬೆಚ್ಚಗಿದೆ. ಅದೊಂದೇ ಅಲ್ಲ. ಒಳನಾಡಿನ ಹಿಮರಾಶಿ ಕರಗಿ ಸಮುದ್ರಕ್ಕೆ ಸುರೀತಿದೆ. ಅದು ಸಿಹಿನೀರು, ಹಗುರ. ಉಪ್ಪುನೀರು ತಣ್ಣಗಾದ್ರೆ ಭಾರವಾಗಿ ಮುಳುಗುತ್ತೆ, ಸಾಗರದ ಹರಿವು ನಡೆಯೋದೇ ಅದ್ರಿಂದ. ಸಿಹಿನೀರು ಬೆರೆತ್ರೆ ಮುಳುಗಲ್ಲ. ಹರಿವು ಸೊರಗುತ್ತೆ."

"ಸೊರಗಿದ್ರೆ?"

"ಒಂದ್ಕಡೆ ಚಳಿ ಏರಬಹುದು, ಇನ್ನೊಂದ್ಕಡೆ ಮಳೆ ದಾರಿ ತಪ್ಪಬಹುದು. ಹಿಮಾನೇ ನೋಡದ ಊರಲ್ಲೂ."

"ಯಾವಾಗ ಸರಿಹೋಗುತ್ತೆ?"

ಮಗಳು ನೆಲ ನೋಡಿದಳು. "ನಿನ್ನ ಕಾಲದಲ್ಲಿ ಇಲ್ಲ ಮಾವ. ನನ್ನ ಕಾಲದಲ್ಲೂ ಇಲ್ಲ ಅನ್ಸುತ್ತೆ."

ತಮ್ಮ ನಂಬಿದ. ನಂಬಿ ಏನು ಬಂತು? ಮೀನಿಲ್ಲದೆ ನಾಯಿಗಳಿಗೆ ಹಾಕಲು ಏನೂ ಉಳಿದಿರಲಿಲ್ಲ. ನಾಯಿಯನ್ನು ಹಸಿವಿನಿಂದ ಸಾಯಲು ಬಿಡುವುದು ನಮ್ಮಲ್ಲಿ ಪಾಪ. ಮಾರನೆಯ ಬೆಳಿಗ್ಗೆ ಬಂದೂಕು ಹಿಡಿದು ಹೋದ. ಬಂಡಿ ಹೂಡಲು ಬಂದನೆಂದು ಅವು ಬಾಲ ಅಲ್ಲಾಡಿಸಿದವು. ಹದಿಮೂರು ಸಲ ಸದ್ದು ಕೇಳಿಸಿತು. ನಾನು ಕಿವಿ ಮುಚ್ಚಿಕೊಂಡು ಅತ್ತೆ.

ಓದುತ್ತಿರುವವರೇ, ನಮಗೆ ಅರ್ಥವಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಭೂಮಿಯನ್ನು ಬಿಸಿಮಾಡಿ ಈ ಹಿಮ ಕರಗಿಸುವ ಹೊಗೆ ಎಲ್ಲ ಊರುಗಳಿಂದಲೂ ಏಳುತ್ತದೆ. ಕಲ್ಲಿದ್ದಲು, ಎಣ್ಣೆ ಸುಡುವುದನ್ನು ತಗ್ಗಿಸಿ. ಓಟು ಕೇಳಲು ಬಂದವರನ್ನು ಇದಕ್ಕೆ ಏನು ಮಾಡುತ್ತೀರೆಂದು ಕೇಳಿ, ಉತ್ತರ ಕೊಡುವ ತನಕ ಬಿಡಬೇಡಿ. ನಮಗೆ ಹೋದದ್ದು ಹೋಯಿತು. ನಿಮ್ಮಲ್ಲಿ ಮಳೆ ಇನ್ನೂ ಬರುತ್ತಿದೆಯಲ್ಲವೇ? ಬರುತ್ತಿರುವಾಗಲೇ ಏಳಿ.